ಉಸಿರಿನ ನಾಳಕ್ಕೆ ಯಾವ ದಾರ?



ಆಪರೇಷನ್ ಎಂದ ಕೂಡಲೇ ಮನೆಯವರ ಕೈಗೆ ಬರುವುದು ಒಂದು ಚೀಟಿ. ಹೊರಗಿನ ಮೆಡಿಕಲ್ ಶಾಪಿನಿಂದ ತರಬೇಕಾದ ಸಾಮಾನುಗಳ ಪಟ್ಟಿ ಅದು. ಗ್ಲೌಸ್, ಡ್ರಿಪ್ ಸೆಟ್, ಇಂಜೆಕ್ಷನ್‌ಗಳ ನಡುವೆ ‘ವೈಕ್ರಿಲ್ 4-0’, ‘ಪಿ.ಡಿ.ಎಸ್. 4-0’, ‘ಪ್ರೋಲೀನ್’ ಎಂದು ಬರೆದಿರುತ್ತದೆ. ಇವೆಲ್ಲ ಹೊಲಿಗೆಯ ದಾರಗಳು. ಒಂದು ಪುಟ್ಟ ಪೊಟ್ಟಣದ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಕೃಷ್ಣಗಿರಿ ಕಡೆಯ ಓದುಗರೊಬ್ಬರು ಇಂಥದೇ ಚೀಟಿ ಹಿಡಿದು ನಮ್ಮನ್ನು ಕೇಳಿದ್ದಾರೆ: “ನಮ್ಮ ಭಾವನವರ ಗಂಟಲಿನ ಕೆಳಗೆ ಉಸಿರಿನ ನಾಳ ಕಿರಿದಾಗಿದೆಯಂತೆ. ಆ ತುಂಡನ್ನು ಕತ್ತರಿಸಿ ತೆಗೆದು ಉಳಿದ ಎರಡು ತುದಿಗಳನ್ನು ಹೊಲಿಯುತ್ತಾರಂತೆ. ಯಾವ ದಾರ ಒಳ್ಳೆಯದು? ಯಾವ ಹೊಲಿಗೆ ಬಿಚ್ಚಿಹೋಗುವುದಿಲ್ಲ?”

ಪ್ರಶ್ನೆ ಚಿಕ್ಕದು, ಆದರೆ ಒಂದು ಜೀವ ಅದರ ಮೇಲೆ ನಿಂತಿದೆ. ಆದ್ದರಿಂದ ಈ ಸಂಚಿಕೆಯಲ್ಲಿ ಶ್ವಾಸನಾಳದ ಹೊಲಿಗೆಯ ಬಗ್ಗೆಯೇ ತಿಳಿದುಕೊಳ್ಳೋಣ.

ಬದುಕಿ ಬಂದವರ ಕಾಯಿಲೆ

ಸೆಪ್ಟೆಂಬರ್ ಹತ್ತಿರವಾದಂತೆ ನಮ್ಮ ಧರ್ಮಕೇಂದ್ರಗಳಿಂದ ವೇಳಾಂಗಣಿಗೆ ಬಸ್ಸು, ವ್ಯಾನುಗಳು ಹೊರಡುತ್ತವೆ. ಹೊಸೂರು, ಕೃಷ್ಣಗಿರಿ, ಧರ್ಮಪುರಿ ದಾಟಿ ಸೇಲಂ ಕಡೆಗೆ ಇಳಿಯುವಾಗ ತೊಪ್ಪೂರು ಘಾಟ್ ಸಿಗುತ್ತದೆ. ರಾಷ್ಟ್ರೀಯ ಹೆದ್ದಾರಿ 44ರ ಈ ಇಳಿಜಾರಿನಲ್ಲಿ ಬ್ರೇಕ್ ಕೈಕೊಟ್ಟ ಲಾರಿಗಳು ಮುಂದಿನ ವಾಹನಗಳಿಗೆ ಗುದ್ದಿದ ಸುದ್ದಿಯನ್ನು ನಾವೆಲ್ಲ ಮತ್ತೆ ಮತ್ತೆ ಕೇಳಿದ್ದೇವೆ. ತಲೆಗೆ ಪೆಟ್ಟು ಬಿದ್ದವರು ಹಿಂದೆ ದಾರಿಯಲ್ಲೇ ಕಣ್ಣು ಮುಚ್ಚುತ್ತಿದ್ದರು. ಈಗ ಹಾಗಿಲ್ಲ. ಸೇಲಂನ ಸರ್ಕಾರಿ ವೈದ್ಯಕೀಯ ಕಾಲೇಜು 1986ರಲ್ಲಿ, ಧರ್ಮಪುರಿಯದು 2008ರಲ್ಲಿ ಆರಂಭವಾದವು. ಹೆದ್ದಾರಿಯ ಉದ್ದಕ್ಕೂ ಐ.ಸಿ.ಯು. ಇರುವ ಖಾಸಗಿ ಆಸ್ಪತ್ರೆಗಳೂ ಬಂದಿವೆ. ಗಾಯಾಳುಗಳನ್ನು, ಹೊಲಕ್ಕೆ ಹೊಡೆಯುವ ಕೀಟನಾಶಕ ಹೊಟ್ಟೆಗೆ ಸೇರಿದವರನ್ನು ವಾರಗಟ್ಟಲೆ ವೆಂಟಿಲೇಟರ್ ಮೇಲೆ ಇಟ್ಟು ಉಳಿಸುತ್ತಾರೆ. ಶ್ವಾಸನಾಳ ಕಿರಿದಾಗುವ ತೊಂದರೆ ಬರುವುದು ಬಹುಪಾಲು ಹೀಗೆ ಬದುಕಿ ಮನೆಗೆ ಬಂದವರಿಗೇ.

ಜಗತ್ತಿನ ಅನುಭವವೂ ಇದೇ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಹರಡಿದಾಗ ಉಸಿರಾಡಲಾಗದ ರೋಗಿಗಳ ಕುತ್ತಿಗೆಯಲ್ಲಿ ನಳಿಕೆ ಇಟ್ಟರು. ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕುಳಿತು ಕೈಯಿಂದಲೇ ಗಾಳಿ ಒತ್ತಿದರು. ಅಲ್ಲಿಂದ ಮುಂದೆ ಯಂತ್ರಗಳು ಬಂದವು, ಸಾವಿರಾರು ಜನ ಉಳಿದರು. ಹಿಂದೆಯೇ ಕಿರಿದಾದ ಶ್ವಾಸನಾಳಗಳೂ ಕಾಣಿಸಿಕೊಂಡವು.

ಇದು ಆಗುವುದು ಹೀಗೆ. ವೆಂಟಿಲೇಟರಿನ ನಳಿಕೆಯ ತುದಿಯಲ್ಲಿ ‘ಕಫ್’ ಎಂಬ ಪುಟ್ಟ ಬಲೂನು ಇರುತ್ತದೆ. ಗಾಳಿ ಸೋರದಂತೆ ಅದನ್ನು ಉಬ್ಬಿಸುತ್ತಾರೆ. ಅದು ಹೆಚ್ಚು ಉಬ್ಬಿದರೆ ನಾಳದ ಒಳಪದರವನ್ನು ಒತ್ತಿ ಅಲ್ಲಿಯ ರಕ್ತ ಸಂಚಾರವನ್ನು ನಿಲ್ಲಿಸುತ್ತದೆ. ಆ ಜಾಗ ಹುಣ್ಣಾಗುತ್ತದೆ. ಹುಣ್ಣು ಮಾಯುವಾಗ ಸುಟ್ಟ ಚರ್ಮ ಸುಕ್ಕುಗಟ್ಟಿ ಎಳೆದುಕೊಳ್ಳುವಂತೆ ನಾಳವೂ ಒಳಕ್ಕೆ ಎಳೆದುಕೊಂಡು ಬಿಗಿಯುತ್ತದೆ. ನಳಿಕೆ ತೆಗೆದ ದಿನ ರೋಗಿ ಚೆನ್ನಾಗಿಯೇ ಇರುತ್ತಾನೆ. ಮೂರರಿಂದ ಆರು ವಾರ, ಕೆಲವೊಮ್ಮೆ ತಿಂಗಳುಗಳ ನಂತರ ಉಸಿರು ಸದ್ದು ಮಾಡತೊಡಗುತ್ತದೆ.

ಉಬ್ಬಸವೆಲ್ಲ ಆಸ್ತಮಾ ಅಲ್ಲ

ಹೊಲಿಗೆಯ ಸೋಲು ಗೆಲುವಿನ ಬೀಜ ಬೀಳುವುದು ಈ ಹಂತದಲ್ಲಿ. ಆಪರೇಷನ್ ಥಿಯೇಟರ್ ಇನ್ನೂ ದೂರವಿದೆ. ಮನೆಗೆ ಬಂದವನು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾನೆ. ರಾತ್ರಿ ‘ಸುಂಯ್’ ಎಂಬ ಸದ್ದು. “ಆಸ್ತಮಾ ಇರಬೇಕು” ಎಂದು ಎಲ್ಲರೂ ತೀರ್ಮಾನಿಸುತ್ತಾರೆ. ಇನ್‌ಹೇಲರ್ ಬರುತ್ತದೆ, ನೆಬ್ಯುಲೈಸರ್ ಬರುತ್ತದೆ, ಅವು ನಾಟದೆ ಹೋದಾಗ ಸ್ಟೀರಾಯ್ಡ್ ಮಾತ್ರೆ ಬರುತ್ತದೆ. ನಾಳ ಅಷ್ಟರಲ್ಲಿ ಇನ್ನೂ ಬಿಗಿಯುತ್ತಿರುತ್ತದೆ.

ದೊಡ್ಡವರ ಶ್ವಾಸನಾಳದ ಒಳ ಅಗಲ ಸುಮಾರು 2 ಸೆಂಟಿಮೀಟರ್. ಅದು ಅರ್ಧಕ್ಕೆ ಇಳಿಯುವ ತನಕ ಕೂತಲ್ಲಿ ಏನೂ ತಿಳಿಯುವುದಿಲ್ಲ; ಓಡಾಡಿದಾಗ ಮಾತ್ರ ಆಯಾಸ. 5 ಮಿಲಿಮೀಟರಿನ ಹತ್ತಿರ ಬಂದಾಗ ಸುಮ್ಮನೆ ಕೂತಿದ್ದರೂ ಉಸಿರು ಸಿಕ್ಕಿಕೊಳ್ಳುತ್ತದೆ. ಆಗ ಒಂದು ಗುಟುಕು ಕಫ ಅಡ್ಡ ಬಂದರೂ ಪ್ರಾಣಕ್ಕೆ ಕುತ್ತು.

ವ್ಯತ್ಯಾಸ ಗುರುತಿಸುವುದು ಕಷ್ಟವೇನಲ್ಲ. ಆಸ್ತಮಾದ ಸದ್ದು ಸಾಮಾನ್ಯವಾಗಿ ಉಸಿರು ಬಿಡುವಾಗ ಎದೆಯಿಂದ ಬರುತ್ತದೆ. ಕಿರಿದಾದ ನಾಳದ ಸದ್ದು ಉಸಿರು ಎಳೆದುಕೊಳ್ಳುವಾಗ ಕುತ್ತಿಗೆಯ ಹತ್ತಿರ ಕೇಳಿಸುತ್ತದೆ. ಒಂದು ಸೂತ್ರವನ್ನು ಮಾತ್ರ ಮನೆಮಂದಿಯೆಲ್ಲ ನೆನಪಿಡಬೇಕು: ವೆಂಟಿಲೇಟರ್ ಮೇಲಿದ್ದು ಬಂದವರಿಗೆ ಹೊಸದಾಗಿ ಉಬ್ಬಸ ಕಾಣಿಸಿಕೊಂಡರೆ, ಬೇರೆ ಎಂದು ಸಾಬೀತಾಗುವ ತನಕ ಅದು ಶ್ವಾಸನಾಳದ ತೊಂದರೆಯೇ. ಡಾಕ್ಟರರ ಮುಂದೆ ಕೂತ ಕೂಡಲೇ “ಇಷ್ಟು ದಿನ ವೆಂಟಿಲೇಟರಿನಲ್ಲಿದ್ದರು” ಎಂದು ಹೇಳಿ, ಡಿಸ್ಚಾರ್ಜ್ ಚೀಟಿ ತೋರಿಸಿ. ಕುತ್ತಿಗೆ ಮತ್ತು ಎದೆಯ ಸಿ.ಟಿ. ಸ್ಕ್ಯಾನ್, ಬ್ರಾಂಕೋಸ್ಕೋಪಿ ಪರೀಕ್ಷೆಗಳಲ್ಲಿ ಕಿರಿದಾದ ಜಾಗ ಕಂಡುಬರುತ್ತದೆ.

ಈ ತಪ್ಪು ತಿಳುವಳಿಕೆಗೂ ಹೊಲಿಗೆಗೂ ಏನು ಸಂಬಂಧ ಎನ್ನುವಿರಾ? ಬಹಳ ದಿನ ಸ್ಟೀರಾಯ್ಡ್ ತೆಗೆದುಕೊಂಡ ದೇಹದಲ್ಲಿ ಗಾಯ ಬೇಗ ಕೂಡುವುದಿಲ್ಲ. ಎಂಥ ದುಬಾರಿ ದಾರ ಹಾಕಿದರೂ ಅಂಚುಗಳು ಬೆಸೆಯಲು ಹಿಂಜರಿಯುತ್ತವೆ. ಹಾಗಾಗಿ ಶಸ್ತ್ರವೈದ್ಯರು ಮೊದಲು ಸ್ಟೀರಾಯ್ಡನ್ನು ಹಂತಹಂತವಾಗಿ ನಿಲ್ಲಿಸಿ, ಅಷ್ಟರವರೆಗೆ ನಾಳವನ್ನು ಹಿಗ್ಗಿಸಿ ಕಾಲ ತಳ್ಳುತ್ತಾರೆ. (ಸ್ಟೀರಾಯ್ಡನ್ನು ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ, ಅದೂ ಅಪಾಯ.)

ಹೊಸ ನಾಳ ಹಾಕಬಾರದೇ?

ಹಲವರು ಇದನ್ನೂ ಕೇಳುತ್ತಾರೆ. ಹೃದಯದ ಕವಾಟ ಬದಲಾಯಿಸುತ್ತಾರೆ, ಮಂಡಿ ಬದಲಾಯಿಸುತ್ತಾರೆ, ಈ ಪುಟ್ಟ ಕೊಳವೆಗೆ ಯಾಕಾಗದು? ಪ್ರಯತ್ನಗಳು ಆಗಿವೆ. 2011ರಲ್ಲಿ ಸ್ವೀಡನ್ನಿನ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ ಪಾವೊಲೊ ಮಕ್ಕಿಯಾರಿನಿ ಎಂಬ ಶಸ್ತ್ರವೈದ್ಯ ಪ್ಲಾಸ್ಟಿಕ್ ಶ್ವಾಸನಾಳ ಜೋಡಿಸಿದಾಗ ಜಗತ್ತೇ ಕೊಂಡಾಡಿತು. ಅಲ್ಲಿ ಅದನ್ನು ಹಾಕಿಸಿಕೊಂಡ ಮೂವರೂ ಮುಂದೆ ತೀರಿಕೊಂಡರು. 2023ರಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯ ಆತನಿಗೆ ಎರಡೂವರೆ ವರ್ಷ ಸೆರೆವಾಸ ವಿಧಿಸಿತು. ಕಿರಿದಾದ ಭಾಗವನ್ನು ತೆಗೆದು ಸ್ವಂತ ನಾಳದ ತುದಿಗಳನ್ನೇ ಕೂಡಿಸುವುದಕ್ಕೆ ಸಾಟಿಯಾದದ್ದು ಇಂದಿಗೂ ಇಲ್ಲ. ಲೋಹದ ಸ್ಪ್ರಿಂಗಿನಂಥ ಸ್ಟೆಂಟನ್ನೂ ಕ್ಯಾನ್ಸರ್ ಅಲ್ಲದ ಇಂಥ ತೊಂದರೆಗೆ ಸುಲಭವಾಗಿ ಬಳಸಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ.

ದಾರಗಳ ಕಥೆ

ಶ್ವಾಸನಾಳ ಸುಮಾರು 11 ಸೆಂಟಿಮೀಟರ್ ಉದ್ದದ ಕೊಳವೆ. ಮುಂದೆ ಕುದುರೆ ಲಾಳದ ಆಕಾರದ 18ರಿಂದ 22 ಮೃದ್ವಸ್ಥಿಯ ಉಂಗುರಗಳು. ಹಿಂಬದಿಯ ಗೋಡೆ ಮಾತ್ರ ಮೆತ್ತಗಿನ ಪೊರೆ, ಅದರ ಹಿಂದೆಯೇ ಅನ್ನನಾಳ. ಇಲ್ಲಿ ಹೊಲಿಯುವುದು ಕೈಕಾಲಿನ ಗಾಯ ಹೊಲಿದಂತಲ್ಲ. ನುಂಗಿದಾಗ, ಕೆಮ್ಮಿದಾಗ, ಪ್ರತಿ ಉಸಿರಿಗೂ ಈ ನಾಳ ಅಲುಗುತ್ತದೆ. ಹೊಲಿಗೆಯ ಒಂದು ಮುಖ ದೇಹದೊಳಗೆ, ಇನ್ನೊಂದು ಮುಖ ಹೊರಗಿನ ಗಾಳಿಗೆ, ರೋಗಾಣುಗಳಿಗೆ ತೆರೆದುಕೊಂಡಿರುತ್ತದೆ. ದಾರಕ್ಕೆ ದೇಹ ಮುನಿಸಿಕೊಂಡರೆ ಅಲ್ಲಿ ಕೆಂಪನೆಯ ದುರ್ಮಾಂಸ ಬೆಳೆದು ನಾಳ ಮತ್ತೆ ಕಟ್ಟಿಕೊಳ್ಳುತ್ತದೆ.

ರೇಷ್ಮೆ ದಾರ: ಧರ್ಮಪುರಿಯ ಗೂಡಿನ ಮಾರುಕಟ್ಟೆ, ಸೇಲಂನ ಬಿಳಿ ರೇಷ್ಮೆ ಪಂಚೆ ನಮಗೆ ಪರಿಚಿತ. ಶಸ್ತ್ರವೈದ್ಯರಿಗೂ ರೇಷ್ಮೆ ಹಳೆಯ ನೆಂಟ. ಮೃದು, ಗಂಟು ಜಾರುವುದಿಲ್ಲ. ಆದರೆ ಅದು ಹುಳುವಿನ ಪ್ರೋಟೀನು, ದೇಹ ಅದನ್ನು ಪರಕೀಯವೆಂದು ಕಾಣುತ್ತದೆ. ಹೆಣೆದ ಎಳೆಗಳ ಸಂದಿಯಲ್ಲಿ ರೋಗಾಣು ಅಡಗುತ್ತದೆ. ಉಸಿರು ಹಾಯುವ ನಾಳಕ್ಕೆ ಅದು ಹೊಂದುವುದಿಲ್ಲ.

ಕರುಳಿನ ದಾರ: ‘ಕ್ಯಾಟ್‌ಗಟ್’ ಎಂಬ ಹೆಸರಿದ್ದರೂ ಬೆಕ್ಕಿಗೂ ಇದಕ್ಕೂ ಸಂಬಂಧವಿಲ್ಲ. ಕುರಿ, ದನಗಳ ಕರುಳಿನ ಪದರದಿಂದ ತಯಾರಾಗುತ್ತದೆ. ತಾನಾಗಿ ಕರಗುತ್ತದೆ ನಿಜ, ಆದರೆ ಎಷ್ಟು ಬೇಗ ಬಲ ಕಳೆದುಕೊಳ್ಳುತ್ತದೆ ಎಂದು ನೆಚ್ಚಲಾಗದು.

ಉಕ್ಕಿನ ತಂತಿ: ಸೇಲಂ ಎಂದರೆ ಸ್ಟೇನ್‌ಲೆಸ್ ಸ್ಟೀಲ್ ಕಾರ್ಖಾನೆಯೂ ನೆನಪಾಗುತ್ತದೆ. ಹಿಂದೆ ಸಣ್ಣ ಉಕ್ಕಿನ ತಂತಿಯಿಂದಲೂ ಶ್ವಾಸನಾಳ ಹೊಲಿದದ್ದುಂಟು. ದೇಹಕ್ಕೆ ಅದರ ಮೇಲೆ ಮುನಿಸು ಕಡಿಮೆ. ಆದರೆ ಬಿರುಸು, ತುದಿ ಚುಚ್ಚುತ್ತದೆ, ಸದಾ ಅಲುಗುವ ಜಾಗದಲ್ಲಿ ತುಂಡಾಗುತ್ತದೆ.

ಪ್ರೋಲೀನ್: ಮೀನಿನ ಗಾಳದ ದಾರದಂಥ ನುಣುಪಾದ ಒಂಟಿ ಎಳೆ. ಕರಗುವುದಿಲ್ಲ, ದೇಹವನ್ನು ಹೆಚ್ಚು ಕೆರಳಿಸುವುದೂ ಇಲ್ಲ. ಆದರೆ ಜೀವನವಿಡೀ ಉಳಿಯುತ್ತದೆ. ಬೆಳೆಯುವ ಮಗುವಿನ ನಾಳದಲ್ಲಿ ದಾರ ಮಾತ್ರ ಬೆಳೆಯುವುದಿಲ್ಲ ಎಂಬುದನ್ನು ಯೋಚಿಸಿ.

ವೈಕ್ರಿಲ್: ಪ್ರಯೋಗಶಾಲೆಯಲ್ಲಿ ತಯಾರಾದ, ಹೆಣೆದ ದಾರ. ಎರಡು ವಾರದ ಹೊತ್ತಿಗೆ ಅದರ ಬಲ ಮುಕ್ಕಾಲು, ಮೂರು ವಾರಕ್ಕೆ ಅರ್ಧ ಉಳಿದಿರುತ್ತದೆ. ಸುಮಾರು 56ರಿಂದ 70 ದಿನಗಳಲ್ಲಿ ಪೂರ್ತಿ ಕರಗುತ್ತದೆ. ಕೈಗೆ ಮೆತ್ತಗೆ, ಗಂಟು ಚೆನ್ನಾಗಿ ಕೂರುತ್ತದೆ.

ಪಿ.ಡಿ.ಎಸ್.: ಇದೂ ಕರಗುವ ದಾರವೇ, ಆದರೆ ಒಂಟಿ ಎಳೆ. ಅಂಗಾಂಶದಲ್ಲಿ ಸಲೀಸಾಗಿ ಜಾರುತ್ತದೆ, ಬಲ ಹೆಚ್ಚು ವಾರ ನಿಲ್ಲುತ್ತದೆ, ಪೂರ್ತಿ ಕರಗಲು ಆರು ತಿಂಗಳಿನಷ್ಟು ಬೇಕು. ಸ್ವಲ್ಪ ಗಡಸು, ಆದ್ದರಿಂದ ಗಂಟುಗಳು ಹೆಚ್ಚು ಬೇಕು.

ಚೀಟಿಯಲ್ಲಿರುವ ‘4-0’ ಎಂದರೆ ನಾಲ್ಕು ಸೊನ್ನೆ. ಸೊನ್ನೆ ಹೆಚ್ಚಿದಷ್ಟೂ ದಾರ ತೆಳು. ಅಂಗಡಿಯವರು ‘4-0 ಇಲ್ಲ, 2-0 ಒಯ್ಯಿರಿ’ ಎಂದರೆ ಒಪ್ಪಬೇಡಿ. ವೈದ್ಯರನ್ನು ಕೇಳಿಯೇ ಕೊಳ್ಳಿ.

ಕರಗುವ ದಾರದ ಬೆಲೆ ಏನೆಂದು ತೋರಿಸಿಕೊಟ್ಟವರಲ್ಲಿ ಮುಖ್ಯರು ಅಮೆರಿಕದ ಬೋಸ್ಟನ್ನಿನ ಮಸಾಚುಸೆಟ್ಸ್ ಜನರಲ್ ಆಸ್ಪತ್ರೆಯ ಡಾ. ಹರ್ಮೀಸ್ ಗ್ರಿಲ್ಲೋ (1923-2006). ಮೊದಲು ಅವರು ಕರಗದ ಪಾಲಿಯೆಸ್ಟರ್ ದಾರ ಬಳಸುತ್ತಿದ್ದರು. ಆಗ ದುರ್ಮಾಂಸವೇ ದೊಡ್ಡ ತಲೆನೋವು. 1970ರ ದಶಕದ ಕೊನೆಗೆ ವೈಕ್ರಿಲ್‌ಗೆ ಬದಲಾದ ಮೇಲೆ ಆ ತೊಂದರೆ ತೀರ ಇಳಿಯಿತು. ಇಂದು ವೈಕ್ರಿಲ್, ಪಿ.ಡಿ.ಎಸ್. ಎರಡರಿಂದಲೂ ಒಳ್ಳೆಯ ಫಲ ಸಿಗುತ್ತಿದೆ. ಯಾವುದನ್ನು ಆರಿಸಬೇಕು ಎಂಬುದು ಬಹುಮಟ್ಟಿಗೆ ಆ ವೈದ್ಯರ ಕೈಗೆ ಯಾವುದು ಪಳಗಿದೆ ಎಂಬುದಕ್ಕೆ ಬಿಟ್ಟದ್ದು.

ಬಿಡಿ ಹೊಲಿಗೆಯೋ, ಓಟದ ಹೊಲಿಗೆಯೋ?

ಸೇಲಂ ಪೇಟೆಯಲ್ಲಿ ಮಗ್ಗ ನೆಚ್ಚಿಕೊಂಡ, ಮನೆಯಲ್ಲಿ ಕನ್ನಡ ಮಾತನಾಡುವ ದೇವಾಂಗ ಕುಟುಂಬಗಳಿವೆ. ಹಾಸಿನ ಎಳೆ ಕಡಿದಾಗ ಗಂಟು ಹಾಕುವ ನಾಜೂಕು ಅವರನ್ನು ಕೇಳಬೇಕು. ಗಂಟು ದಪ್ಪವಾದರೆ ಬಟ್ಟೆ ಕೆಡುತ್ತದೆ, ಎಳೆ ಹೆಚ್ಚು ಬಿಗಿದರೆ ಮತ್ತೆ ಕಡಿಯುತ್ತದೆ. ಶ್ವಾಸನಾಳದಲ್ಲೂ ಇದೇ ನ್ಯಾಯ.

ಬಿಡಿ ಹೊಲಿಗೆಯಲ್ಲಿ ಮೂರು ನಾಲ್ಕು ಮಿಲಿಮೀಟರಿಗೆ ಒಂದರಂತೆ ಪ್ರತ್ಯೇಕ ಹೊಲಿಗೆ ಹಾಕಿ, ಪ್ರತಿಯೊಂದಕ್ಕೂ ಗಂಟು ಕಟ್ಟುತ್ತಾರೆ. ಒಂದು ಸಡಿಲವಾದರೂ ಉಳಿದವು ಹಿಡಿದಿರುತ್ತವೆ. ಎರಡು ತುದಿಗಳ ಅಗಲ ಬೇರೆಯಾಗಿದ್ದರೆ ಹೊಂದಿಸಿಕೊಳ್ಳಬಹುದು. ಆದರೆ ಹೊತ್ತು ಹಿಡಿಯುತ್ತದೆ, ಗಂಟುಗಳೂ ಹೆಚ್ಚು. ಗಂಟೆಲ್ಲ ನಾಳದ ಹೊರಗೇ ಇರಬೇಕೆಂಬುದು ಇಲ್ಲಿಯ ಕಟ್ಟುನಿಟ್ಟು. ಒಳಗೆ ಉಳಿದ ಗಂಟು ಕೆಮ್ಮನ್ನೂ ದುರ್ಮಾಂಸವನ್ನೂ ಕರೆಯುತ್ತದೆ.

ಓಟದ ಹೊಲಿಗೆಯಲ್ಲಿ ಒಂದೇ ದಾರ ಸುತ್ತಲೂ ಸಾಗುತ್ತದೆ. ಬೇಗ ಮುಗಿಯುತ್ತದೆ, ಗಂಟು ಕಡಿಮೆ, ಎಳೆತ ಎಲ್ಲ ಕಡೆ ಸಮನಾಗಿ ಹಂಚಿಹೋಗುತ್ತದೆ. ಇದಕ್ಕೆ ಜಾರುವ ಪಿ.ಡಿ.ಎಸ್. ಹೊಂದುತ್ತದೆ. ತೊಂದರೆಯೆಂದರೆ, ದಾರ ಒಂದು ಕಡೆ ಕಡಿದರೆ ಇಡೀ ಸಾಲು ಸಡಿಲ. ಹೆಚ್ಚು ಬಿಗಿದರೆ ಸಂಚಿಯ ಬಾಯಿಗೆ ದಾರ ಎಳೆದಂತೆ ನಾಳ ಕಿರಿದಾಗುತ್ತದೆ.

ಅನೇಕ ಶಸ್ತ್ರವೈದ್ಯರು ಎರಡನ್ನೂ ಕೂಡಿಸುತ್ತಾರೆ. ಹಿಂದಿನ ಮೆತ್ತನೆಯ ಗೋಡೆಗೆ ಓಟದ ಹೊಲಿಗೆ, ಮುಂದಿನ ಉಂಗುರಗಳಿಗೆ ಬಿಡಿ ಹೊಲಿಗೆ. ಹುಟ್ಟಿನಿಂದಲೇ ನಾಳ ಉದ್ದಕ್ಕೂ ಕಿರಿದಾಗಿರುವ ಮಕ್ಕಳಿಗೆ ಇನ್ನೊಂದು ಜಾಣ್ಮೆಯಿದೆ. ನಾಳವನ್ನು ನಡುವೆ ಕತ್ತರಿಸಿ, ಒಂದು ಭಾಗದ ಮುಂಬದಿಯನ್ನೂ ಇನ್ನೊಂದರ ಹಿಂಬದಿಯನ್ನೂ ಉದ್ದಕ್ಕೆ ಸೀಳಿ, ಒಂದರ ಮೇಲೊಂದು ಜಾರಿಸಿ ಹೊಲಿಯುತ್ತಾರೆ. ಉದ್ದ ಕಡಿಮೆಯಾಗಿ ಅಗಲ ಹೆಚ್ಚುತ್ತದೆ. 1989ರಲ್ಲಿ ಲಂಡನ್ನಿನ ವೈದ್ಯರು ಪ್ರಕಟಿಸಿದ ವಿಧಾನ ಇದು.

ನಿಜವಾದ ಪರೀಕ್ಷೆ: ಎಳೆತ

ಈಗ ಪ್ರಶ್ನೆಗೆ ನೇರ ಉತ್ತರ. ಹೊಲಿಗೆ ಬಿಡುವುದು ಹೆಚ್ಚಾಗಿ ದಾರದ ತಪ್ಪಿನಿಂದಲ್ಲ. ಕೂಡಿಸಿದ ತುದಿಗಳು ಎಳೆತದಲ್ಲಿದ್ದರೆ, ಅಥವಾ ಅವುಗಳಿಗೆ ರಕ್ತ ಸಿಗದಿದ್ದರೆ ಹೊಲಿಗೆ ಬಿಡುತ್ತದೆ. ಶ್ವಾಸನಾಳಕ್ಕೆ ರಕ್ತ ಬರುವುದು ಎರಡೂ ಪಕ್ಕಗಳಿಂದ, ಸಣ್ಣ ಸಣ್ಣ ಕವಲುಗಳಲ್ಲಿ. ಪಕ್ಕದ ಅಂಗಾಂಶವನ್ನು ಅತಿಯಾಗಿ ಬಿಡಿಸಿದರೆ ತುದಿ ಒಣಗುತ್ತದೆ. 1950ರ ಸುಮಾರಿನಲ್ಲಿ 2 ಸೆಂಟಿಮೀಟರಿಗಿಂತ ಹೆಚ್ಚು ನಾಳ ತೆಗೆಯಬಾರದೆಂದು ನಂಬಿದ್ದರು. ಗ್ರಿಲ್ಲೋ ಮತ್ತು ಸಂಗಡಿಗರು 1960ರ ದಶಕದಲ್ಲಿ ತೋರಿಸಿದ ಸಂಗತಿ ಸರಳ: ತಲೆ ಬಗ್ಗಿಸಿದರೆ ಕುತ್ತಿಗೆಯ ನಾಳ ಎದೆಯೊಳಕ್ಕೆ ಇಳಿಯುತ್ತದೆ, ತುದಿಗಳು ತಾವಾಗಿ ಹತ್ತಿರ ಬರುತ್ತವೆ. ಹೀಗೆ ನಾಳದ ಅರ್ಧದಷ್ಟನ್ನೂ ತೆಗೆದು ಕೂಡಿಸುವ ದಾರಿ ಕೆಲವರಿಗೆ ತೆರೆಯಿತು.

1995ರಲ್ಲಿ ಆ ಆಸ್ಪತ್ರೆ ಪ್ರಕಟಿಸಿದ ಲೆಕ್ಕ ನೋಡಿ. ವೆಂಟಿಲೇಟರಿನ ನಂತರ ನಾಳ ಕಿರಿದಾದ 503 ಮಂದಿಯಲ್ಲಿ 440 ಮಂದಿಗೆ ಒಳ್ಳೆಯ ಫಲ, 31 ಮಂದಿಗೆ ತೃಪ್ತಿಕರ ಫಲ. 20 ಮಂದಿಗೆ ಸೋಲು, 12 ಮಂದಿ ತೀರಿಕೊಂಡರು. 2004ರಲ್ಲಿ 901 ರೋಗಿಗಳನ್ನು ಪರಿಶೀಲಿಸಿದಾಗ 81 ಮಂದಿಯಲ್ಲಿ ಕೂಡಿಕೆಯ ತೊಂದರೆ ಕಂಡಿತು. ಅಪಾಯ ಹೆಚ್ಚಿಸಿದ ಕಾರಣಗಳು ಇವು: ಸಕ್ಕರೆ ಕಾಯಿಲೆ, 4 ಸೆಂಟಿಮೀಟರ್ ಅಥವಾ ಅದಕ್ಕೂ ಹೆಚ್ಚು ತೆಗೆದದ್ದು, ಎರಡನೇ ಸಲದ ಆಪರೇಷನ್, ಧ್ವನಿಪೆಟ್ಟಿಗೆಯೂ ಸೇರಿದ ಆಪರೇಷನ್, 17 ಅಥವಾ ಅದಕ್ಕಿಂತ ಕಡಿಮೆ ವಯಸ್ಸು, ಮೊದಲೇ ಕುತ್ತಿಗೆಯಲ್ಲಿ ನಳಿಕೆ ಬೇಕಾಗಿದ್ದುದು. ‘ಎರಡನೇ ಸಲ’ ಎಂಬ ಮಾತನ್ನು ಗಮನಿಸಿ. ಮೊದಲನೆಯ ಆಪರೇಷನ್ನೇ ಒಳ್ಳೆಯ ಅವಕಾಶ. ಆದ್ದರಿಂದ ಇಂಥ ಆಪರೇಷನ್‌ಗಳನ್ನು ಆಗಾಗ ಮಾಡುವ ದೊಡ್ಡ ಆಸ್ಪತ್ರೆಗೇ ಹೋಗಿ. ‘ಇಂಥವು ಇಲ್ಲಿ ಎಷ್ಟು ಆಗಿವೆ?’ ಎಂದು ವಿನಯದಿಂದ ಕೇಳುವುದರಲ್ಲಿ ತಪ್ಪಿಲ್ಲ.

ಮನೆಯವರ ಪಾಲು

ಆಪರೇಷನ್ ಮುಗಿದು ಹೊರಬಂದ ರೋಗಿಯನ್ನು ಕಂಡು ಗಾಬರಿಯಾಗಬೇಡಿ. ಗಲ್ಲದ ಕೆಳಗಿನ ಚರ್ಮವನ್ನು ಎದೆಯ ಚರ್ಮಕ್ಕೆ ದಪ್ಪ ದಾರದಿಂದ ಹೊಲಿದಿರುವುದುಂಟು. ತಲೆ ಎತ್ತದಂತೆ ಕಾಯುವ ಹೊಲಿಗೆ ಅದು. ಸುಮಾರು ಒಂದು ವಾರ ಇರುತ್ತದೆ. ಒಳಗಿನ ತೆಳು ದಾರದ ಭಾರವನ್ನು ಈ ದಪ್ಪ ದಾರ ಹೊರುತ್ತದೆ. ಇದರ ಜೊತೆಗೆ ನೀವು ಮಾಡಬೇಕಾದದ್ದು:

* ತಲೆಯ ಹಿಂದೆ ದಿಂಬು ಒತ್ತಿಕೊಟ್ಟು ಕುತ್ತಿಗೆ ಬಾಗಿಯೇ ಇರುವಂತೆ ನೋಡಿಕೊಳ್ಳಿ. ನೋಡಲು ಬಂದ ನೆಂಟರನ್ನು ಎದುರಿಗೆ ತಗ್ಗಿನ ಸ್ಟೂಲಿನ ಮೇಲೆ ಕೂರಿಸಿ. ನಿಂತು ಮಾತನಾಡಿಸಿದರೆ ರೋಗಿ ತಲೆ ಎತ್ತುತ್ತಾರೆ.
* ಹೆಚ್ಚು ಮಾತನಾಡಿಸಬೇಡಿ. ವೈದ್ಯರು ಹೇಳುವ ತನಕ ಬಾಯಿಗೆ ನೀರನ್ನೂ ಹಾಕಬೇಡಿ.
* ಸಕ್ಕರೆ ಕಾಯಿಲೆ ಇದ್ದರೆ ಆಪರೇಷನ್ನಿಗೆ ಮೊದಲೂ ನಂತರವೂ ಹತೋಟಿಯಲ್ಲಿರಲಿ. ಬೀಡಿ, ಸಿಗರೇಟು ಪೂರ್ತಿ ನಿಲ್ಲಲಿ.
* ಕುತ್ತಿಗೆ ಊದಿ, ಒತ್ತಿದರೆ ಚರಚರ ಎಂದರೆ, ಕಫದಲ್ಲಿ ರಕ್ತ ಬಂದರೆ, ಜ್ವರ ಬಂದರೆ, ಉಸಿರಿನ ಸದ್ದು ಮರಳಿದರೆ ಆ ಕ್ಷಣವೇ ನರ್ಸಮ್ಮನವರಿಗೆ ತಿಳಿಸಿ.
* ಮನೆಗೆ ಬಂದ ಮೇಲೆ ಬ್ರಾಂಕೋಸ್ಕೋಪಿಗೆ ಕೊಟ್ಟ ದಿನಾಂಕವನ್ನು ತಪ್ಪಿಸಬೇಡಿ. ಕುತ್ತಿಗೆಯಲ್ಲಿ ನಳಿಕೆ ಇದ್ದರೆ ಮನೆಯಲ್ಲಿ ತೆಗೆಯುವ ಸಾಹಸ ಬೇಡ.

ನಿಮ್ಮವರು ಈಗ ಐ.ಸಿ.ಯು.ನಲ್ಲಿದ್ದರೆ ಇನ್ನೂ ಒಂದು ಮಾತು. ನಳಿಕೆಯ ಬಲೂನಿನ ಒತ್ತಡವನ್ನು ಅಳೆದು 20ರಿಂದ 30 ಸೆಂಟಿಮೀಟರ್ ನೀರಿನ ಒತ್ತಡದ ನಡುವೆ ಇಡುವುದು ರೂಢಿ. ‘ಕಫ್ ಪ್ರೆಶರ್ ನೋಡುತ್ತಿದ್ದೀರಾ?’ ಎಂದು ಮೆಲ್ಲಗೆ ವಿಚಾರಿಸಿ. ಆ ಒಂದು ಅಳತೆಯಿಂದ ಮುಂದಿನ ಹೊಲಿಗೆಯೇ ತಪ್ಪಬಹುದು.

ಪ್ರಯಾಣ ಹೊರಡುವವರಿಗೂ ಎರಡು ಮಾತು. ಬೈಕಿನಲ್ಲಿ ಕೂರುವ ಹೆಣ್ಣುಮಕ್ಕಳು ದುಪ್ಪಟ್ಟಾ, ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಳ್ಳಲಿ. ಚಕ್ರಕ್ಕೆ ಸಿಕ್ಕಿದ ಬಟ್ಟೆ ಕುತ್ತಿಗೆ ಬಿಗಿದು ಶ್ವಾಸನಾಳವನ್ನೇ ಹರಿದ ಪ್ರಸಂಗಗಳಿವೆ. ತಮಿಳುನಾಡಿನ ರಸ್ತೆಯಲ್ಲಿ ಅಪಘಾತವಾದರೆ 108ಕ್ಕೆ ಕರೆ ಮಾಡಿ. ‘ಇನ್ನುಯಿರ್ ಕಾಪ್ಪೋಂ’ ಎಂಬ ಯೋಜನೆಯನ್ನು ಅಲ್ಲಿಯ ಸರ್ಕಾರ 2021ರ ಡಿಸೆಂಬರಿನಲ್ಲಿ ಆರಂಭಿಸಿತು. ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಮೊದಲ 48 ಗಂಟೆಗಳ ಚಿಕಿತ್ಸೆ ಉಚಿತ, ಗಾಯಾಳು ಯಾವ ರಾಜ್ಯದವರಾದರೂ ಸರಿ ಎಂಬುದು ಅದರ ನಿಯಮ. ಆಸ್ಪತ್ರೆ ತಲುಪಿದ ಕೂಡಲೇ ಅದರ ಬಗ್ಗೆ ವಿಚಾರಿಸಿ.

ಚೀಟಿಯಲ್ಲಿ ಬರೆದ ದಾರವನ್ನು ಬರೆದಂತೆಯೇ ತಂದುಕೊಡಿ, ಅದಕ್ಕಿಂತ ದುಬಾರಿಯದನ್ನು ಹುಡುಕಿ ಅಲೆಯಬೇಡಿ. ಆ ದಾರ ಕೆಲವು ವಾರ ತುದಿಗಳನ್ನು ಹಿಡಿದಿಟ್ಟು ಕರಗಿಹೋಗುತ್ತದೆ. ಅಷ್ಟರಲ್ಲಿ ನಾಳ ತಾನಾಗಿ ಕೂಡಿಕೊಳ್ಳಬೇಕು. ಅದಕ್ಕೆ ಬೇಕಾದದ್ದು ಬಾಗಿದ ಕುತ್ತಿಗೆ, ಹತೋಟಿಯಲ್ಲಿರುವ ಸಕ್ಕರೆ ಮತ್ತು ಪಕ್ಕದಲ್ಲಿ ತಾಳ್ಮೆಯಿಂದ ಕೂರುವ ಒಬ್ಬರು.